ಹಾಗಲವಾಡಿಯ ಜಡೆಯವಳು

ಬೇಸಿಗೆ ರಜೆ ಎಂದರೆ ಮಹಡಿಯ ಮೇಲೆ ಕೂತು ಕಾಗೆಗಳಿಂದ ಸಂಡಿಗೆ ಕಾಯುವುದು ಎಂದೇ ಮಕ್ಕಳೆಲ್ಲ ನಂಬಿದ್ದ ಕಾಲ ಅದು. ಮೊಬೈಲುಗಳು ಬಂದಿದ್ದವು, ಆದರೆ ಅವು ಅಪ್ಪಂದಿರ ಷರಟಿನ ಜೇಬು ಬಿಟ್ಟು ಇಳಿಯುತ್ತಿರಲಿಲ್ಲ. ತುಮಕೂರಿನ ಸದಾಶಿವನಗರದಲ್ಲಿ ನಮ್ಮ ಮನೆ. ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನದ ಊಟವಾಯಿತೆಂದರೆ ಇಡೀ ಬೀದಿ ಬಾಗಿಲು ಹಾಕಿಕೊಂಡು ಮಲಗಿಬಿಡುತ್ತಿತ್ತು. ಐಸ್ ಕ್ಯಾಂಡಿಯವನು ಗಂಟೆ ಹೊಡೆಯುವುದೂ ತೂಕಡಿಸುತ್ತಲೇ. ಎಚ್ಚರವಾಗಿರುತ್ತಿದ್ದವರು ಕಾಗೆಗಳು, ನಾನು ಮತ್ತು ಶಾರಿ.

ಶಾರಿ ನನ್ನ ದೊಡ್ಡಮ್ಮನ ಮಗಳು. ಗುಬ್ಬಿ ತಾಲ್ಲೂಕಿನ ಹಾಗಲವಾಡಿಯವಳು. ನನಗಿಂತ ಕೆಲವೇ ತಿಂಗಳು ದೊಡ್ಡವಳು, ಆದ್ದರಿಂದ ಅವಳನ್ನು ಅಕ್ಕ ಎನ್ನಲು ನಾನು ಸುತರಾಂ ಒಪ್ಪಿರಲಿಲ್ಲ. ರಜೆ ಬಂದರೆ ನಾನು ಅವರೂರಿಗೆ ಹೋಗುವುದು ವಾಡಿಕೆ. ಆ ವರ್ಷ ಮಾತ್ರ ಅವಳೇ ನಮ್ಮನೆಗೆ ಬಂದಳು, ಎಡಗೈಗೆ ಮೊಣಕೈ ಮೇಲಿನವರೆಗೂ ಪ್ಲಾಸ್ಟರ್ ಹಾಕಿಸಿಕೊಂಡು. ತೋಟದಲ್ಲಿ ಪಂಪ್‌ಸೆಟ್ಟಿನ ತೊಟ್ಟಿಯ ಗೋಡೆ ಮೇಲೆ ಓಡಲು ಹೋಗಿ, ಪಾಚಿಗೆ ಜಾರಿ ಬಿದ್ದಿದ್ದಳು. ಮೂಳೆ ಕೂಡಿಕೊಳ್ಳುತ್ತದೆ, ಅದರ ಚಿಂತೆಯಿಲ್ಲ, ಆದರೆ ನರಕ್ಕೂ ಪೆಟ್ಟಾಗಿದೆ, ಕಟ್ಟು ಬಿಚ್ಚಿದ ಮೇಲೆ ಬೆರಳು ಆಡುತ್ತವೋ ಇಲ್ಲವೋ ನೋಡಬೇಕು ಎಂದಿದ್ದರಂತೆ ಡಾಕ್ಟರು. ಆಸ್ಪತ್ರೆಗೆ ಹತ್ತಿರವಾಗುತ್ತದೆ ಎಂದು ದೊಡ್ಡಮ್ಮ ಅವಳನ್ನು ನಮ್ಮಲ್ಲಿ ಬಿಟ್ಟು ಹೋದರು. ಹೋಗುವ ಮುಂಚೆ ಅಡುಗೆಮನೆಯಲ್ಲಿ ಅಮ್ಮನ ಹತ್ತಿರ ಅತ್ತದ್ದು ನಮ್ಮಿಬ್ಬರಿಗೂ ಕೇಳಿಸಿತು.

"ಹೆಣ್ಮಗು ಕಣೇ. ಕೈ ಹಿಂಗೇ ಉಳ್ಕೊಂಡ್ರೆ ತನ್ನ ಜಡೆ ತಾನು ಹಾಕ್ಕೊಳ್ಳೋಕಾಗುತ್ತಾ?"

ದೊಡ್ಡವರ ಲೆಕ್ಕದಲ್ಲಿ ಕೈ ಎಂದರೆ ಮದುವೆ, ಮನೆ, ಮುಂದಿನ ಬಾಳು. ಶಾರಿಗೆ ಮಾತ್ರ ಕೈ ಎಂದರೆ ಜಡೆಯೇ. ಸೊಂಟ ದಾಟುವ ಕೂದಲು ಅವಳದು. ಏಳು ವರ್ಷಕ್ಕೇ ತನ್ನ ಜಡೆ ತಾನೇ ಹೆಣೆದುಕೊಂಡವಳು ಎಂದು ಊರಲ್ಲೆಲ್ಲ ಹೆಸರು. ಈಗ ನಮ್ಮಮ್ಮ ಹಾಕುವ ಬಿಗಿ ಜಡೆಗೆ ತಲೆಯೊಡ್ಡಿ ಕೂತು, ಕನ್ನಡಿಯಲ್ಲಿ ಮುಖ ಹುಳ್ಳಗೆ ಮಾಡಿಕೊಳ್ಳುತ್ತಿದ್ದಳು.

ಅವಳ ಮುಖ ನೋಡಲಾರದೆಯೇ ಇರಬೇಕು, ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ನಮ್ಮ ಸೋದರಮಾವ ಒಂದು ಭಾನುವಾರ ಬ್ಯಾಗಿನಿಂದ ಆಟದ ಮೆಷೀನೊಂದನ್ನು ತೆಗೆದುಕೊಟ್ಟರು. ಯಾರೋ ಆಡಿ ಬಿಟ್ಟದ್ದು, ಮೂಲೆಗಳು ಸವೆದು ಬಿಳಿಚಿಕೊಂಡಿದ್ದವು. ನಡುವೆ ಪರದೆ, ಎಡಕ್ಕೆ ಕೂಡಿಸುವ ಗುರುತಿನಂಥ ಒಂದು ಗುಂಡಿ, ಬಲಕ್ಕೆ ನಾಲ್ಕು ದುಂಡು ಗುಂಡಿ. ಒಳಗೆ ಇದ್ದದ್ದು ಹಳೆಯ ಹೊಡೆದಾಟದ ಆಟಗಳ ಒಂದು ಕಟ್ಟು. ಆಗಲೇ ಅವು ಹಳೆಯವು. ದೊಡ್ಡ ಊರುಗಳ ಅಂಗಡಿಗಳಲ್ಲಿ, ಆಳೆತ್ತರದ ಪೆಟ್ಟಿಗೆಗಳ ಮುಂದೆ ಜನ ನಿಂತುಕೊಂಡು ಆಡುತ್ತಿದ್ದ ಕಾಲದವಂತೆ. ಎಲ್ಲವನ್ನೂ ಒಟ್ಟು ಮಾಡಿ ಇದರಲ್ಲಿ ತುಂಬಿದ್ದರು.

"ಇಬ್ರೂ ಸೇರ್ಕೊಂಡು ಆಡಿ," ಎಂದರು ಮಾವ. "ಜಗಳ ಗಿಗಳ ಆಡಿದ್ರೆ ವಾಪಸ್ ತಗೊಂಡೋಗ್ತೀನಿ ನೋಡಿ ಮತ್ತೆ."

"ಮಾವ, ಇದು ಜಗಳದ್ದೇ ಆಟ ಅಲ್ವಾ?" ಎಂದಳು ಶಾರಿ. ಪ್ಲಾಸ್ಟರ್ ಹಾಕಿದ ಮೇಲೆ ಅವಳು ಆಡಿದ ಮೊದಲ ತಮಾಷೆ ಅದು. ಮಾವ ಗೆದ್ದವರಂತೆ ಅಮ್ಮನ ಮುಖ ನೋಡಿದರು.

ಇಬ್ಬರೂ ಸೇರಿಕೊಂಡು ಆಡಿ ಎಂಬ ಮಾತನ್ನು ನಾವು ಇದ್ದ ಹಾಗೇ ತೆಗೆದುಕೊಂಡೆವು. ಎಡಗಡೆ ನನ್ನದು, ಬಲಗಡೆ ಶಾರಿಯದು. ಆಟಗಾರರನ್ನು ನಡೆಸುವುದು, ಹಾರಿಸುವುದು, ಕೂರಿಸುವುದು ನನ್ನ ಪಾಲು. ಗುದ್ದುವುದು, ಒದೆಯುವುದು ಅವಳ ಪಾಲು. ಮೆಷೀನು ಇಬ್ಬರ ತೊಡೆಗಳ ನಡುವೆ, ನನ್ನದೊಂದು ಹೆಬ್ಬೆರಳು, ಅವಳದೊಂದು. ಅದು ಒಬ್ಬರೇ ಎರಡು ಕೈಯಲ್ಲಿ ಹಿಡಿದು ಆಡುವ ವಸ್ತು ಎಂಬ ಅನುಮಾನ ಕೂಡ ನಮಗೆ ಬರಲಿಲ್ಲ. ಇಬ್ಬರಿಗಲ್ಲದಿದ್ದರೆ ಎರಡೂ ಕಡೆ ಗುಂಡಿ ಯಾಕೆ ಇಡುತ್ತಿದ್ದರು, ನೀವೇ ಹೇಳಿ.

ಮಹಡಿಯ ಬಿಸಿಲಿಗೆ ಪರದೆ ಕಾಣುತ್ತಿರಲಿಲ್ಲ. ಅದಕ್ಕೆ ಅಜ್ಜಿಯ ಹಳೆಯ ನೀಲಿ ಹತ್ತಿ ಸೀರೆಯನ್ನು ಇಬ್ಬರ ತಲೆ ಮೇಲೂ ಹೊದ್ದು, ನೀರಿನ ಟ್ಯಾಂಕಿನ ನೆರಳಲ್ಲಿ ಕೂರುತ್ತಿದ್ದೆವು. ಸೀರೆಯೊಳಗೆ ಎಲ್ಲವೂ ನೀಲಿ. ಅವಳ ಮೂಗು ನೀಲಿ, ಬಿಳಿ ಪ್ಲಾಸ್ಟರೂ ನೀಲಿ. ಗಂಜಿ ಹಾಕಿದ ಬಟ್ಟೆಯ ವಾಸನೆ, ತಲೆಯಿಂದ ಸೀಗೆಪುಡಿ, ಬಾಯಲ್ಲಿ ಉಪ್ಪು ಖಾರ ಮೆತ್ತಿದ ಮಾವಿನಕಾಯಿ ಹೋಳು. ಹೊರಗಿನಿಂದ ಅರೆ ಒಣಗಿದ ಸಂಡಿಗೆಯ ಜೀರಿಗೆ ಘಮ ಬರುತ್ತಿತ್ತು. ಎಷ್ಟು ಹೊತ್ತು ಕೂತಿರುತ್ತಿದ್ದೆವೋ ಗೊತ್ತಿಲ್ಲ. ಗಾಳಿ ಬಂದರೆ ಸೀರೆ ಉಬ್ಬಿ ಮತ್ತೆ ನಮ್ಮ ಮೇಲೆ ಇಳಿಯುತ್ತಿತ್ತು, ನಿದ್ದೆ ಬಂದಂತಾಗುತ್ತಿತ್ತು, ಆದರೂ ಹೆಬ್ಬೆರಳುಗಳು ಕೆಲಸ ಮಾಡುತ್ತಿದ್ದವು. ಕಾಗೆಗಳು ತಮ್ಮ ಪಾಲಿನ ಸಂಡಿಗೆ ತಿಂದು ಹೋಗುತ್ತಿದ್ದವು. ಸಂಜೆ ಅಮ್ಮನ ಬೈಗುಳ ಇಬ್ಬರಿಗೂ ಸಮನಾಗಿ ಬೀಳುತ್ತಿತ್ತು.

ಆ ಆಟಗಳಲ್ಲಿ ನೂರಾರು ಜನ. ಹೆಸರುಗಳನ್ನು ಓದಲು ನಮಗೆ ವ್ಯವಧಾನವಿರಲಿಲ್ಲ, ನಾವೇ ಇಟ್ಟುಕೊಂಡೆವು. ಒಬ್ಬ ದಢೂತಿ ಆಸಾಮಿ ಹೊಟ್ಟೆಯಿಂದಲೇ ಗುದ್ದುತ್ತಿದ್ದ, ಅವನು ಬೋಂಡಾ. ನಮ್ಮವಳು ಮಾತ್ರ ಒಬ್ಬಳೇ, ಮೊಣಕಾಲುದ್ದ ಜಡೆಯ ಹೆಂಗಸು. ಶಾರಿ ಅವಳನ್ನು ಬಿಟ್ಟು ಬೇರೆಯವರನ್ನು ಮುಟ್ಟಗೊಡಲಿಲ್ಲ. ಒಂದು ದಿನ ನನ್ನ ಹೆಬ್ಬೆರಳು ಕೆಳಗಿನಿಂದ ಮುಂದಕ್ಕೆ ಜಾರಿದ್ದಕ್ಕೂ ಅವಳು ಒದೆಯುವ ಗುಂಡಿ ಒತ್ತಿದ್ದಕ್ಕೂ ಸರಿಹೋಗಿ, ಜಡೆಯವಳು ಬುಗುರಿಯಂತೆ ಗಿರ್ರನೆ ತಿರುಗಿ, ಜಡೆಯಿಂದಲೇ ಬೋಂಡಾನನ್ನು ಬಾರಿಸಿ ಕೆಡವಿದಳು. ತಿರುಗುವಾಗ ಏನೋ ಕೂಗಿದಳು.

"ಏನಂದ್ಲು?" ಎಂದೆ.

"ಹಾಗಲವಾಡಿ ಅಂದ್ಲು ಕಣೇ," ಎಂದಳು ಶಾರಿ. "ನಮ್ಮೂರ ಹೆಸ್ರು! ಆಣೆಗೂ!"

ನಾನು ನಂಬಲಿಲ್ಲ. ಮತ್ತೆ ಮತ್ತೆ ಮಾಡಿ ನೋಡಿದೆವು. ಒಡಕು ಸ್ಪೀಕರಿನಲ್ಲಿ, ಎಷ್ಟು ಸಲ ಕೇಳಿದರೂ, ಹಾಗಲವಾಡಿಯೇ. ತೀರ್ಪಿಗೆ ಅಜ್ಜಿಯ ಬಳಿ ಓಡಿದೆವು. ಅಜ್ಜಿ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು, ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಮೆಷೀನನ್ನು ಕಿವಿಗಿಟ್ಟುಕೊಂಡು ಗಂಭೀರವಾಗಿ ಕೇಳಿದರು.

"ಊಂ ಕಣವ್ವ. ಹಾಗಲವಾಡಿ ಅಂತಾನೇ ಅಂತಾವ್ಳೆ," ಎಂದರು. ಆಮೇಲೆ ಪರದೆಯನ್ನು ಕಣ್ಣು ಕಿರಿದು ಮಾಡಿ ನೋಡಿ, "ಯಾರ ಮನೆ ಮಗಳಂತೆ? ಜಡೆ ಚೆಂದಾಗದೆ" ಎಂದು ಕೇಳಿದರು.

ಅಲ್ಲಿಗೆ ಅನುಮಾನ ತೀರಿತು. ಜಡೆಯವಳು ಹಾಗಲವಾಡಿಯವಳು. ಯಾವ ಮನೆಯವಳು, ಯಾವ ಬಸ್ಸು ಹತ್ತಿ ಇಷ್ಟು ದೂರ ಹೋಗಿ ಕಂಡವರ ಜೊತೆ ಹೊಡೆದಾಡುತ್ತಿದ್ದಾಳೆ ಎಂದು ಸೀರೆಯೊಳಗೆ ದಿನಗಟ್ಟಲೆ ಕಥೆ ಕಟ್ಟಿದೆವು. ಆಟದ ಹಿನ್ನೆಲೆಗಳಿಗೂ ಊರುಗಳ ಹೆಸರು ಬಿದ್ದವು. ಬೇಲಿಯಾಚೆ ಕುದುರೆ ಮೇಯುತ್ತಿದ್ದ ಬಯಲು ಕುಣಿಗಲ್, ಅಲ್ಲಿ ಕುದುರೆ ಫಾರಂ ಇದೆಯಲ್ಲ. ಅಲ್ಲಿ ಯಾವಾಗಲೂ ಸೂರ್ಯ ಅರ್ಧ ಮುಳುಗಿ ನಿಂತಿರುತ್ತಿದ್ದ. ಬೇಲಿಗೊರಗಿ ಒಬ್ಬ ಮುದುಕ ತಲೆ ಅಲ್ಲಾಡಿಸುತ್ತಲೇ ಇರುತ್ತಿದ್ದ. ಎಷ್ಟೋ ಸಲ ಹೊಡೆದಾಟ ನಿಲ್ಲಿಸಿ, ಆ ಮುದುಕನನ್ನೇ ನೋಡುತ್ತಾ ಸುಮ್ಮನೆ ಕೂರುತ್ತಿದ್ದೆವು. ಹೊತ್ತು ಮುಗಿದು ಆಟ ಸೋತರೂ ನಮಗೆ ಬೇಜಾರಿರಲಿಲ್ಲ.

ಜಡೆಯವಳ ಕೂಗೇ ನಮಗೆ ತಾಳವಾಯಿತು. "ಹಾಗಲ" ಎನ್ನುವಾಗ ನಾನು ಹೆಬ್ಬೆರಳು ಜಾರಿಸಬೇಕು, "ವಾಡಿ" ಎನ್ನುವಾಗ ಶಾರಿ ಒತ್ತಬೇಕು. ಒಬ್ಬರು ಚೂರು ಮುಂದಾದರೂ ಬರೀ ಒದೆತ. ಮೊದಮೊದಲು ಬಾಯಿಬಿಟ್ಟು ಹೇಳುತ್ತಿದ್ದೆವು, ಆಮೇಲೆ ಹೇಳುವುದೇ ಬೇಕಾಗಲಿಲ್ಲ. ಅವಳು ಉಸಿರೆಳೆದುಕೊಂಡರೆ ನನಗೆ ತಿಳಿಯುತ್ತಿತ್ತು.

ಪಕ್ಕದ ಮನೆಯ ಗಿರೀಶ ಒಂದು ದಿನ ಸೀರೆ ಎತ್ತಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ. "ಲೇ, ಅದು ಒಬ್ರೇ ಆಡೋದು ಕಣ್ರೇ! ಕೊಡಿಲ್ಲಿ, ತೋರಿಸ್ತೀನಿ."

ಕೊಟ್ಟೆವು. ಎರಡು ಕೈಯಲ್ಲಿ ಠೀವಿಯಿಂದ ಹಿಡಿದುಕೊಂಡ. ಬೋಂಡಾ ಅವನನ್ನು ನೆಲಕ್ಕೆ ಹಾಕಿ ಅರೆದುಬಿಟ್ಟ.

"ನೋಡ್ದಾ? ಒಬ್ರು ಆಡಿದ್ರೆ ಹಿಂಗೇ ಆಗೋದು," ಎಂದು ಶಾರಿ ಮೆಷೀನು ಕಿತ್ತುಕೊಂಡಳು. ಗಿರೀಶ ಪಾಪ, ಸರಿಯಾದದ್ದನ್ನೇ ಹೇಳಿ ತಪ್ಪಿತಸ್ಥನಾಗಿ ಇಳಿದುಹೋದ.

ಮೇ ತಿಂಗಳ ಮೊದಲಲ್ಲೇ ಪ್ಲಾಸ್ಟರ್ ಬಿಚ್ಚಿಸಿದರು. ನಾನೂ ಜೊತೆಗೆ ಹೋಗಿದ್ದೆ. ಒಳಗಿನಿಂದ ಬಂದ ಕೈ ಶಾರಿಯದಲ್ಲ ಅನ್ನಿಸಿತು. ಸಣಕಲು ಕೈ, ಹೊಟ್ಟೇಳುವ ಚರ್ಮ. ಡಾಕ್ಟರು ಒಂದೊಂದೇ ಬೆರಳು ಮುಟ್ಟಿ, "ಆಡಿಸು ಮಗು" ಎಂದರು. ಕಿರುಬೆರಳು ಸ್ವಲ್ಪ ನಡುಗಿತು. ಹೆಬ್ಬೆರಳು ಸುಮ್ಮನೆ ಬಿದ್ದಿತ್ತು. "ಬರಬಹುದು. ಆದ್ರೆ ದಿನಾ ಆಡಿಸ್ಬೇಕು, ನೋವಾಗುತ್ತೆ ಅಂತ ಬಿಟ್ರೆ ಹಾಗೇ ಕೂತ್ಬಿಡುತ್ತೆ" ಎಂದು ಹಿಚುಕಲು ರಬ್ಬರ್ ಚೆಂಡೊಂದನ್ನು ಕೊಟ್ಟರು. ಆಟೋದಲ್ಲಿ ಶಾರಿ ಆ ಕೈಯನ್ನು ಲಂಗದ ನೆರಿಗೆಯೊಳಗೆ ಬಚ್ಚಿಟ್ಟುಕೊಂಡಿದ್ದಳು.

ಆಮೇಲೆ ಅವಳು ಮಹಡಿ ಹತ್ತಲಿಲ್ಲ. ರಬ್ಬರ್ ಚೆಂಡು ಗಿರೀಶನ ಮನೆಯ ಕಾಂಪೌಂಡು ಸೇರಿತು. ಅಜ್ಜಿ ಬೆಚ್ಚಗಿನ ಹರಳೆಣ್ಣೆ ಹಚ್ಚಿ ನೀವುವಾಗ ಗೋಡೆ ಕಡೆ ತಿರುಗಿ ಕೂರುತ್ತಿದ್ದಳು. ನಾನೊಬ್ಬಳೇ ಸೀರೆ ಹೊದ್ದು ಕೂತೆ. ಜಡೆಯವಳನ್ನು ನಡೆಸಿದೆ, ಹಾರಿಸಿದೆ, ಕೂರಿಸಿದೆ. ಅವಳು ಯಾರಿಗೂ ಹೊಡೆಯಲಿಲ್ಲ, ಏಕೆಂದರೆ ಬಲಗಡೆ ಯಾರೂ ಇರಲಿಲ್ಲ. ನನ್ನ ಬಲಗೈ ಖಾಲಿಯೇ ಇತ್ತು. ಆದರೆ ಅದನ್ನು ಶಾರಿಯ ಜಾಗದಲ್ಲಿ ಇಡಲು ನನಗೆ ಮನಸ್ಸು ಬರಲಿಲ್ಲ.

ಹಾಗೆ ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಸೀರೆಯ ಅಂಚು ಎತ್ತಿ ಅವಳೇ ಒಳಗೆ ಬಂದಳು.

"ಜರುಗೇ. ಆ ಕಡೆ ಹೋಗು."

"ಯಾಕೆ?"

"ಇವತ್ತಿಂದ ಎಡಗಡೆ ನಂದು."

ಬಲಗೈಯಿಂದ ಎಡಗೈಯನ್ನು ಎತ್ತಿ ತಂದು, ಹೆಬ್ಬೆರಳನ್ನು ಗುಂಡಿಯ ಮೇಲೆ ಇಟ್ಟಳು, ದೇವರ ಮುಂದೆ ಹೂವು ಇಡುವ ಹಾಗೆ. ನಾನು ಬಲಕ್ಕೆ ಜರುಗಿದೆ. ಬೋಂಡಾ ಬಂದ. ಜಡೆಯವಳು ನಿಂತಲ್ಲೇ ನಿಂತಿದ್ದಳು. ನಾನು ಗಾಳಿಗೆ ಗುದ್ದಿದೆ, ಗಾಳಿಗೆ ಒದ್ದೆ. ಬೋಂಡಾ ಮನಸಾರೆ ಹೊಡೆದ. ಮತ್ತೆ ಆಟ, ಮತ್ತೆ ಏಟು. ಶಾರಿ ತುಟಿ ಕಚ್ಚಿಕೊಂಡು, "ಬಾರೇ... ಬಾ..." ಎಂದು ಹೆಬ್ಬೆರಳಿಗೆ ಹೇಳುತ್ತಿದ್ದಳು. ಮೂಗಿನ ತುದಿಯಲ್ಲಿ ಬೆವರು, ಕಣ್ಣಲ್ಲಿ ನೀರು. ನನಗೆ ನೋಡಲಾಗಲಿಲ್ಲ.

"ಸಾಕು ಬಿಡೇ ಶಾರಿ. ನೋವಾಗುತ್ತೆ."

"ಸುಮ್ನಿರು ನೀನು. ನಮ್ಮೂರವ್ಳು ಅಷ್ಟು ಹೊಡಿಸ್ಕೊಂಡು ನಿಂತವ್ಳೆ, ನಾನ್ ಬಿಡ್ಲಾ?"

ದಿನಾ ಇದೇ ಆಯಿತು. ಸಂಡಿಗೆ ಒಣಗಿ ಡಬ್ಬಿ ಸೇರಿದ್ದವು, ಕಾಯಲು ಏನೂ ಇರಲಿಲ್ಲ, ಆದರೂ ನಾವು ಮಹಡಿಗೆ ಹೋಗುತ್ತಿದ್ದೆವು. ನಾನು ಬಲಗಡೆ ಕೂತು ಕಾಯುತ್ತಿದ್ದೆ. ಒಂದು ಸಣ್ಣ ಹುಡುಗಿಗೆ ಇಷ್ಟು ತಾಳ್ಮೆ ಎಲ್ಲಿತ್ತೋ, ಈಗ ಆಶ್ಚರ್ಯವಾಗುತ್ತದೆ. ಆ ನೀಲಿ ಬೆಳಕಿನಲ್ಲಿ, ಅವಳ ಹೆಬ್ಬೆರಳು ನೋಡುತ್ತಾ ನೋಡುತ್ತಾ ಅದು ನನ್ನದೇ ಅನ್ನಿಸುತ್ತಿತ್ತು. ನನ್ನ ಹೆಬ್ಬೆರಳೂ ನೋಯುತ್ತಿತ್ತು. ಎಡೆಯೂರಪ್ಪಾ, ಇದೊಂದು ಆಡಲಿ, ನಿನ್ನ ಗುಡಿಗೆ ಬರುತ್ತೀವಿ ಎಂದು ಯಾರಿಗೂ ಹೇಳದೆ ಹರಕೆ ಹೊತ್ತುಕೊಂಡೆ.

ಒಂದು ದಿನ, ಬೋಂಡಾ ಬಾರಿಸಲು ಕೈ ಎತ್ತಿದ್ದಾಗ, ಜಡೆಯವಳು ತಟಕ್ಕನೆ ಕೂತಳು. ಏಟು ಅವಳ ತಲೆ ಮೇಲಿಂದ ಹೋಯಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. "ಕೂತ್ಲು," ಎಂದಳು ಶಾರಿ ಪಿಸುದನಿಯಲ್ಲಿ. ಆಮೇಲೆ ಇಡೀ ಸದಾಶಿವನಗರದ ನಿದ್ದೆ ಕೆಡುವಂತೆ, "ಕೂತ್ಲು ಕಣೇ! ನಾನೇ ಕೂರ್ಸಿದ್ದು!"

ಅಮ್ಮ ಹಿಟ್ಟಿನ ಕೈಯಲ್ಲೇ ಮೇಲೆ ಓಡಿಬಂದಳು. ಪರದೆಯಲ್ಲಿ ಯಾರೋ ಹೆಂಗಸು ಕುಕ್ಕುರುಗಾಲಲ್ಲಿ ಕೂತದ್ದಕ್ಕೆ ಇಷ್ಟೇಕೆ ಗಲಾಟೆ ಎಂದು ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಗುಂಡಿಯ ಮೇಲಿದ್ದ ಹೆಬ್ಬೆರಳು ಕಂಡಿತು. ಮೆಲ್ಲಗೆ, ಕೆಳಕ್ಕೆ, ಮತ್ತೆ ಮೇಲಕ್ಕೆ. ಅಮ್ಮ ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. ಕೆಳಗೆ ಬಂದು ಹಾಗಲವಾಡಿಗೆ ಫೋನು ಮಾಡಿದಳು.

"ಅಕ್ಕಾ, ಶಾರಿ ಕೂರಿಸಿದ್ಲು ಕಣೇ!"

"ಯಾರ್ನೇ ಕೂರಿಸಿದ್ಲು?" ಎಂದು ದೊಡ್ಡಮ್ಮ ಗಾಬರಿಯಾದದ್ದು ನಮಗೂ ಕೇಳಿಸಿತು.

"ಅದೇ, ನಿಮ್ಮೂರ ಜಡೆ ಹುಡುಗೀನ!"

ದೊಡ್ಡಮ್ಮನಿಗೆ ವಿಷಯ ತಿಳಿಯಲು ಬಹಳ ಹೊತ್ತು ಹಿಡಿಯಿತು. ತಿಳಿದ ಮೇಲೆ ಅಮ್ಮನಿಂದ ಅದನ್ನೇ ಮತ್ತೆ ಮತ್ತೆ ಹೇಳಿಸಿಕೊಂಡರು.

ಹೆಬ್ಬೆರಳು ಮೊದಲು ಕೂರಿಸುವುದನ್ನು ಕಲಿಯಿತು, ಆಮೇಲೆ ಹಿಂದಕ್ಕೆ ನಡೆಸುವುದು, ಕೊನೆಗೆ ಮುಂದಕ್ಕೆ. "ಹಾಗಲ" ಈಗ ಅವಳದು, "ವಾಡಿ" ನನ್ನದು. ಬೆರಳು ಸಲೀಸಾಗಿ ಆಡತೊಡಗಿದ ಮೇಲೆ ನನ್ನ ಹರಕೆಯ ವಿಷಯ ಹೇಳಿದೆ. ಶಾಲೆ ಶುರುವಾಗುವ ಮೊದಲು ಎಲ್ಲರೂ ಎಡೆಯೂರಿಗೆ ಹೊರಟೆವು. ದೊಡ್ಡಮ್ಮನೂ ಹಿಂದಿನ ದಿನವೇ ಬಂದಿದ್ದರು. ಕುಣಿಗಲ್ ಮೇಲೆ ಹೋಗುವ ಬಸ್ಸು. ಶಾರಿಗೆ ಕಿಟಕಿ ಪಕ್ಕ, ಅವಳ ಪಕ್ಕ ನಾನು. ಆ ದಿನ ಅವಳ ಜಡೆ ಸ್ವಲ್ಪ ಸೊಟ್ಟಗಿತ್ತು. ತಾನೇ ಹೆಣೆದುಕೊಂಡಿದ್ದಳು, ಯಾರನ್ನೂ ಮುಟ್ಟಲು ಬಿಟ್ಟಿರಲಿಲ್ಲ.

ಮೆಷೀನು ತೆಗೆದಳು. ನಾನು ನನ್ನ ಹೆಬ್ಬೆರಳನ್ನು ನನ್ನ ಜಾಗಕ್ಕೆ ಒಯ್ದೆ.

"ಒಂದ್ನಿಮ್ಷ ಇರೇ," ಎಂದಳು. ಎರಡು ಕೈಯಲ್ಲೂ ಹಿಡಿದುಕೊಂಡಳು. ಎಡ ಹೆಬ್ಬೆರಳು ಜಾರಿತು, ಬಲ ಹೆಬ್ಬೆರಳು ಒತ್ತಿತು. ಜಡೆಯವಳು ಗಿರ್ರನೆ ತಿರುಗಿ ಬಸ್ಸಿಗೆಲ್ಲ ಕೇಳುವಂತೆ ಕೂಗಿದಳು.

ಕಂಡಕ್ಟರು ತಿರುಗಿ ನೋಡಿದ. "ಯಾರ್ರೀ ಅದು ಹಾಗಲವಾಡಿ? ಈ ಬಸ್ ಅಲ್ಲಿಗೆ ಹೋಗಲ್ಲ. ಗುಬ್ಬಿ ಕಡೆ ಬಸ್ ಹತ್ಬೇಕು!"

ಬಸ್ಸೆಲ್ಲ ನಕ್ಕಿತು. ಅಜ್ಜಿ ಕಂಡಕ್ಟರಿಗೆ ಜಡೆಯವಳ ಊರು ಕೇರಿ ವಿವರಿಸಲು ಹೊರಟರು. ದೊಡ್ಡಮ್ಮ ಶಾರಿಯ ಎಡಗೈ ಹಿಡಿದು ಮುತ್ತಿಟ್ಟುಕೊಂಡರು. ನಾನೂ ನಕ್ಕೆ, ಚಪ್ಪಾಳೆ ಹೊಡೆದೆ. ನನಗೆ ಆದ ಸಂತೋಷ ನಿಜವಾದದ್ದು, ಅದರಲ್ಲಿ ಸುಳ್ಳಿಲ್ಲ. ಚಪ್ಪಾಳೆ ಮುಗಿದ ಮೇಲೆ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ತೊಡೆ ಮೇಲೆ ಇಟ್ಟುಕೊಂಡು ಕಿಟಕಿಯಾಚೆ ನೋಡಿದೆ. ಕುಣಿಗಲ್ ಕೆರೆಯ ನೀರು ಬಿಸಿಲಿಗೆ ಮಿನುಗುತ್ತಾ ಬಹಳ ಹೊತ್ತು ಬಸ್ಸಿನ ಜೊತೆಗೇ ಬಂತು. ಅಳು ಯಾಕೆ ಬರುತ್ತಿದೆ ಎಂದು ನನಗೆ ಗೊತ್ತಾಗಲಿಲ್ಲ.

ಊರಿಗೆ ಹೋಗುವಾಗ ಮೆಷೀನನ್ನು ಅವಳಿಗೇ ಕೊಟ್ಟು ಕಳಿಸಿದೆವು. ಮುಂದಿನ ರಜೆಗೆ ಹೋದಾಗ ಅದು ಕೆಟ್ಟು ಅಟ್ಟ ಸೇರಿತ್ತು. ಶಾರಿ ಸೈಕಲ್ ಕಲಿತಿದ್ದಳು. ಈಗ ಅವಳು ಗುಬ್ಬಿಯಲ್ಲಿ ಮೇಷ್ಟ್ರು ಕೆಲಸದಲ್ಲಿದ್ದಾಳೆ, ಸ್ಕೂಟರಿನಲ್ಲಿ ಓಡಾಡುತ್ತಾಳೆ, ತನ್ನ ಮಗಳಿಗೆ ಎರಡು ಜಡೆ ಹಾಕುತ್ತಾಳೆ. ಮದುವೆ ಮುಂಜಿಗಳಲ್ಲಿ ಸಿಗುತ್ತೇವೆ. ಚೆನ್ನಾಗಿದ್ದೀಯಾ ಎಂದರೆ ಚೆನ್ನಾಗಿದ್ದೀನಿ ಎನ್ನುತ್ತೇವೆ. ಇಬ್ಬರೂ ನಿಜವಾಗಿ ಚೆನ್ನಾಗಿಯೇ ಇದ್ದೇವೆ.

ಹೋದ ತಿಂಗಳು ನಾನು ಅಂಥದ್ದೇ ಒಂದು ಹೊಸ ಮೆಷೀನು ತರಿಸಿಕೊಂಡೆ. ಆ ಹಳೆಯ ಆಟಗಳೆಲ್ಲ ಅದರಲ್ಲಿವೆ. ಪರದೆ ಚೊಕ್ಕ, ದನಿ ಚೊಕ್ಕ. ಜಡೆಯವಳನ್ನು ಆರಿಸಿಕೊಂಡೆ, ಕೆಳಗಿನಿಂದ ಮುಂದಕ್ಕೆ ಜಾರಿಸಿ ಒತ್ತಿದೆ. ಮೊದಲ ಸಲಕ್ಕೇ ತಿರುಗಿದಳು. ಸ್ಪೀಕರು ಚೆನ್ನಾಗಿರುವುದರಿಂದ ಮಾತು ಸ್ಪಷ್ಟವಾಗಿ ಕೇಳಿಸಿತು. ಅದು ಹಾಗಲವಾಡಿ ಅಲ್ಲ. ಬೇರೆ ಯಾವುದೋ ಭಾಷೆಯ ಬೇರೆ ಯಾವುದೋ ಮಾತು.

ಶಾರಿಗೆ ಫೋನು ಮಾಡಿ ಹೇಳಿದೆ. ಸಿಕ್ಕಾಪಟ್ಟೆ ನಕ್ಕಳು. ಆಮೇಲೆ, "ಯಾರ ಜೊತೆ ಆಡ್ತೀಯೇ?" ಎಂದು ಕೇಳಿದಳು.

"ಒಬ್ಳೇ."

"ಒಬ್ಳೇನಾ?" ಎಂದಳು, ಆಗದ ಕೆಲಸವೊಂದನ್ನು ನಾನು ಹೇಳಿದ ಹಾಗೆ. ಅಷ್ಟರಲ್ಲಿ ಅವಳ ಮನೆಯಲ್ಲಿ ಕುಕ್ಕರ್ ಕೂಗಿತು, ಆಮೇಲೆ ಮಾಡ್ತೀನಿ ಎಂದು ಇಟ್ಟಳು.

ಅವಳ ಕೈ ಬಂತು. ಅದಕ್ಕಾಗಿ ಎಡೆಯೂರಿನ ಕಡೆ ತಿರುಗಿ ಇಂದಿಗೂ ಕೈ ಮುಗಿಯುತ್ತೇನೆ. ಆದರೆ ಆ ಬೇಸಿಗೆಯಲ್ಲಿ ನಾವಿಬ್ಬರೂ ಸೇರಿ ಒಬ್ಬಳಾಗಿದ್ದೆವು, ಅವಳು ಉಸಿರೆಳೆದರೆ ನನಗೆ ತಿಳಿಯುತ್ತಿತ್ತು. ಈಗ ಎರಡು ಕೈಯೂ ನನ್ನವೇ, ಬೋಂಡಾ ಕ್ಷಣದಲ್ಲಿ ಬೀಳುತ್ತಾನೆ. ಇನ್ನೊಬ್ಬರ ಹೆಬ್ಬೆರಳು ಆಡಲಿ ಎಂದು ನಾನು ಕಾಯುತ್ತಾ ಕೂತು ಎಷ್ಟು ವರ್ಷವಾಯಿತೋ.